ಬಟ್ಟಲಿಗೆ ಸುರಿದ ಕಣ್ಣಿನ ಔಷಧ

ಏಳು, ಒಂದು, ಒಂದು, ನಾಲ್ಕು — ಈರುಳ್ಳಿ ಹೇರಿಕೊಂಡು ಸಂಭಾಜಿನಗರದ ಬಸ್ಸಿನ ಪಕ್ಕಕ್ಕೆ ಬಂದ ಟ್ರ್ಯಾಕ್ಟರಿನ ಹಿಂದಿನ ಅಂಕಿಗಳನ್ನು ರೇಣವ್ವ ತಡವರಿಸದೆ ಓದಿಬಿಟ್ಟಳು, ಎರಡು ತಿಂಗಳ ಹಿಂದೆ ಇದೇ ಬಲಗಣ್ಣಿಗೆ ಟ್ರ್ಯಾಕ್ಟರೂ ಒಂದೇ ಟ್ರಕ್ಕೂ ಒಂದೇ, ನಟ್ಟನಡುವೆ ಎಣ್ಣೆ ಮೆತ್ತಿದ ಗಾಜಿನಂಥ ಮಬ್ಬು, ಎದುರು ನಿಂತವರ ಕಿವಿ ಕಾಣುತ್ತಿತ್ತು ಮೂಗು ಕಾಣುತ್ತಿರಲಿಲ್ಲ, ಮೂಗಿಲ್ಲದ ಗಂಡ, ಮೂಗಿಲ್ಲದ ಮೇಸ್ತ್ರಿ, ನಗು ಬರುತ್ತಿತ್ತು, ಆಮೇಲೆ ಅಳು ಬರುತ್ತಿತ್ತು — ಈಗ ನೋಡಿದರೆ ಅಂಕಿ, ಅಂಕಿಯ ಮೇಲಿನ ಕೆಸರು, ಕೆಸರಿಗೆ ಮೆತ್ತಿದ ಈರುಳ್ಳಿ ಸಿಪ್ಪೆ, ಎಲ್ಲ ಎದ್ದು ಬರುತ್ತಿವೆ, ಸಂತೋಷಪಡಬೇಕು ತಾನೇ, ಹೇಗೆ ಪಡುವುದು, ಗಾಳಿ ತಾಗದಿರಲೆಂದು ಈಚೆಯ ಸೀಟಿನಲ್ಲಿ ಮುದುಡಿ ಕೂತಿದ್ದಾಳಲ್ಲ ಜಗದೇವಿ, ಮೈದುನ ಅಂಬರೀಶನ ಹೆಂಡತಿ, ಇಪ್ಪತ್ತು ವರ್ಷದಿಂದ ಒಂದೇ ಒಲೆಯಲ್ಲಿ ಬೇಯಿಸಿಕೊಂಡು ಬಂದ ನೆಗೆಣ್ಣಿ, ಸೆರಗಿನ ತುದಿ ಮಡಚಿ ತನ್ನ ಬಲಗಣ್ಣಿಗೆ ಒತ್ತಿಕೊಂಡು, ಬಸ್ಸು ಕುಣಿದಾಗೆಲ್ಲ ಹಲ್ಲು ಕಚ್ಚಿ. ಯಕ್ಕಾ, ನಿಫಾಡ ದಾಟ್ತೇನು, ಎಂದು ಕೇಳಿದಳು. ದಾಟ್ತವ್ವ, ಎಂದಳು ರೇಣವ್ವ. ಬೋರ್ಡು ನೋಡಿ ಹೇಳಿದ್ದಲ್ಲ, ಅಕ್ಷರ ತನಗೆ ಬಾರದು, ಅಂಕಿ ಮಾತ್ರ ಬರುತ್ತದೆ, ಅಂದಾಜಿನ ಮೇಲೆ ಹೇಳಿದಳು.

ಆ ಸೆರಗಿನ ಹಿಂದೆ ಏನಿದೆ — ಬೆಳಿಗ್ಗೆ ನಳದ ಹತ್ತಿರ ಮುಖ ತೊಳೆಯುವಾಗ ಕಂಡಿತ್ತು, ಕಂಡಿತ್ತೋ ಇಲ್ಲವೋ, ಕಣ್ಣೆಲ್ಲ ಮೆಣಸಿನಕಾಯಿಯ ಕೆಂಪು, ಕರಿಗುಡ್ಡೆಯ ಮೇಲೆ ಜೋಳದ ನುಚ್ಚಿನಷ್ಟು ಬಿಳಿ, ಒಂದೇ ಚುಕ್ಕೆ, ರೇಣವ್ವ ಕೂಡಲೇ ತನ್ನ ಎಡಗಣ್ಣು ಮುಚ್ಚಿ ನೋಡಿದಳು, ಬಲಗಣ್ಣು ಮುಚ್ಚಿ ನೋಡಿದಳು, ಚುಕ್ಕೆ ಅವಳ ಕಣ್ಣಿನಲ್ಲಿದೆಯೋ ತನ್ನ ನೋಟದಲ್ಲಿದೆಯೋ, ಇಷ್ಟು ದಿನ ಕರಿಮಬ್ಬು ಕೂತಿದ್ದ ಜಾಗವಲ್ಲವೇ ಅದು, ಮಬ್ಬು ಹೋಗುವಾಗ ಬೆಳ್ಳಗಾಗಿ ಹೋಗುತ್ತದೋ ಏನೋ, ಕಣ್ಣಿನ ಸಂಗತಿ ಯಾರಿಗೆ ಗೊತ್ತು. ಕಣ್ಣಾಗ ಹೂ ಬಿತ್ತು ಅನ್ನುತ್ತಿದ್ದರು ಜೇವರ್ಗಿ ಕಡೆ, ಊರಲ್ಲಿ ಹತ್ತಿ ಬಿಡಿಸುತ್ತಿದ್ದ ಅತ್ತೆಯ ತಂಗಿಗೆ ಬಿದ್ದಿತ್ತು, ಹೂವಂತೆ ಹೂವು, ಹೆಸರಿಟ್ಟವರ ಬಾಯಿಗೆ ಮಣ್ಣು ಹಾಕಬೇಕು, ಆ ಮುದುಕಿ ಸಾಯುವ ತನಕ ಆ ಕಣ್ಣಿನಲ್ಲಿ ಹಗಲು ಕಾಣಲಿಲ್ಲ. ಇಲ್ಲ, ಇದು ಹೂವಲ್ಲ, ಪಿಸುರು, ಕಣ್ಣಿನ ಕೊಳೆ, ಶುಕ್ರವಾರ ಉಸುಕು ಸೋಸುವಾಗ ಜಗದೇವಿಯ ಕಣ್ಣಿಗೆ ಉಸುಕು ಹಾರಿತ್ತು, ತಾನೇ ಊದಿ ತೆಗೆದಿದ್ದಳು, ಹೌದು, ಉಸುಕೇ, ಉಸುಕಿನದೇ ಕೆಲಸ — ಹಾಗಾದರೆ ಬಟ್ಟಲಿನದಲ್ಲ. ಬಟ್ಟಲಿನ ನೆನಪು ಬಂದದ್ದೇ ತಡ, ರೇಣವ್ವ ಕಿಟಕಿಯ ಕಡೆ ಮುಖ ತಿರುಗಿಸಿದಳು. ಕಂಡಕ್ಟರ್ ಬಂದು ಬಗ್ಗಿ ನೋಡಿ, ಡೋಳ್ಯಾಲಾ ಕಾಯ್ ಝಾಲಂ ಮಾವಶಿ, ಕಣ್ಣಿಗೇನಾಯಿತೆಂದು ಕೇಳಿದ, ಕಚರಾ ಗೇಲಾ, ಕಸ ಹೋಯಿತು, ಎಂದು ರೇಣವ್ವ ಥಟ್ಟನೆ ಹೇಳಿದಳು. ಮರಾಠಿಯಲ್ಲಿ ಸುಳ್ಳು ಹೇಳುವುದು ಸಲೀಸು, ನಾಲಗೆಗೆ ಭಾರವಾಗುವುದಿಲ್ಲ, ಕಷ್ಟ ಇರುವುದು ಸಂಭಾಜಿನಗರದಲ್ಲಿ, ಅಲ್ಲಿ ಕಣ್ಣಿನ ಡಾಕ್ಟರಮ್ಮ, ಡಾಕ್ಟರ್ ಬಾಯಿ, ಕನ್ನಡದಲ್ಲಿ ಕೇಳುತ್ತಾಳೆ.

ಮಾಲವಿಕಾ ಅಂತ ಅವಳ ಹೆಸರು, ನಾಸಿಕದ ಹತ್ತಿರ ಓಝರಿನ ವಿಮಾನ ಕಾರ್ಖಾನೆಯ ಕನ್ನಡದ ಇಂಜಿನಿಯರನ ಮಗಳಂತೆ, ಹುಟ್ಟಿದ್ದು ಬೆಳೆದದ್ದು ಅಲ್ಲೇ, ಕನ್ನಡ ತಿಳಿಯುತ್ತದೆ, ಆಡುವಾಗ ಮಾತ್ರ ಒಂದು ಕಾಲು ಕನ್ನಡದಲ್ಲಿ ಒಂದು ಕಾಲು ಮರಾಠಿಯಲ್ಲಿ, ಆದರೂ ಆ ಊರಲ್ಲಿ ತಮ್ಮ ಮಾತು ಕೇಳಿ ರೇಣವ್ವನಿಗೆ ತವರಿನವರೇ ಸಿಕ್ಕಂತಾಗಿತ್ತು. ಆಗ ಇವರ ಗ್ಯಾಂಗಿನ ಕಟ್ಟಡ ಕೆಲಸ ಸಂಭಾಜಿನಗರದಲ್ಲೇ ಇತ್ತು, ಆಸ್ಪತ್ರೆಯವರು ಸೈಟಿಗೇ ಬಂದು ಕಣ್ಣು ನೋಡಿದ್ದರು, ಇಬ್ಬರಿಗೂ ಸಕ್ಕರೆ ಕಾಯಿಲೆ, ಇಬ್ಬರಿಗೂ ಬಲಗಣ್ಣಿನ ಹಿಂದಿನ ಪರದೆ ನೀರು ತುಂಬಿ ಬಾತಿದೆ, ತಿಂಗಳಿಗೊಂದು ಸಲ ಕಣ್ಣಿಗೇ ಸೂಜಿ ಚುಚ್ಚಬೇಕು — ಕಣ್ಣಿಗೇ! ಅಷ್ಟು ಕೇಳಿ ಜಗದೇವಿ ಕುರ್ಚಿಯಿಂದ ಎದ್ದೇಬಿಟ್ಟಿದ್ದಳು. ಕೂತ್ಕೊಳ್ಳಿ ಹೋ, ಗಾಬರಿ ಬೇಡ, ಎಂದು ಡಾಕ್ಟರ್ ಬಾಯಿ ನಕ್ಕು, ಒಂದು ಹೊಸ ಔಷಧದ ಪರೀಕ್ಷೆ ನಡೀತಾ ಇದೆ, ಮನಸ್ಸಿದ್ದರೆ ಸೇರಿ, ಎಂದಳು, ಸಾದಾ ಡ್ರಾಪ್ಸ್ ಹಾಕಿದ್ರೆ ಕಣ್ಣೀರು ತೊಳೆದುಬಿಡತ್ತೆ, ನೂರು ಪಾಲಲ್ಲಿ ಐದು ಪಾಲೂ ಒಳಗೆ ಹೋಗಲ್ಲ, ಹಿಂದಿನ ಪರದೆ ತನಕ ಹೋಗೋದು ದೂರ ರಾಹೂ ದ್ಯಾ, ದೂರವೇ ಇರಲಿ, ಅದಕ್ಕೇ ಔಷಧಾನ ಬಾರೀಕ್ ಬಾರೀಕ್ ಕಣದೊಳಗೆ ತುಂಬಿದೀವಿ, ನ್ಯಾನೋ ಅಂತಾರೆ, ನಿಮ್ಮ ಒಂದು ಕೂದಲಿನ ದಪ್ಪದಲ್ಲಿ ಐನೂರು ಕಣ ಸಾಲಾಗಿ ಕೂರತ್ತೆ, ಅದು ಕಣ್ಣಿಗೆ ಅಂಟ್ಕೊಂಡು ಹಳೂ ಹಳೂ, ಮೆಲ್ಲಗೆ, ಹಿಂದೆ ಹೋಗತ್ತೆ, ಅಲ್ಲಿ ಔಷಧ ಬಿಡತ್ತೆ. ರೇಣವ್ವನಿಗೆ ತಿಳಿಯಿತು, ಸಾಣಿಗೆ ಹಿಡಿದವಳಿಗೆ ಇದು ತಿಳಿಯದೆ ಇದ್ದೀತೇ, ದಪ್ಪ ಉಸುಕು ಮೇಲೆ ನಿಲ್ಲುತ್ತದೆ, ಹಿಟ್ಟಿನಂಥದ್ದು ಕೆಳಗಿಳಿಯುತ್ತದೆ. ಆದರೆ ಆಮೇಲೆ ಹೇಳಿದ್ದು ತಿಳಿಯಲಿಲ್ಲ, ಇಲ್ಲ, ಅದೂ ತಿಳಿಯಿತು, ಹೆಚ್ಚೇ ತಿಳಿಯಿತು — ಅರ್ಧ ಜನರಿಗೆ ಈ ಹೊಸದು, ಅರ್ಧ ಜನರಿಗೆ ಆ ಸಾದಾ, ಹಳೇ ಡ್ರಾಪ್ಸ್, ನೋಡೋಕೆ ಎರಡೂ ಹಾಲಿನ ಹಾಗೆ, ಯಾರಿಗೆ ಯಾವುದು ನಂಗೂ ಗೊತ್ತಿಲ್ಲ, ಕಂಪ್ಯೂಟರಿಗೆ ಮಾತ್ರ ಗೊತ್ತು, ಬಾಟಲಿ ಮೇಲೆ ಬರೀ ನಂಬರ್. ಬೆರಳೆತ್ತಿ ಹೇಳಿದ್ದಳು, ಬಾಟಲಿ ಓಪನ್ ಮಾಡಬಾರದು, ಇನ್ನೊಬ್ಬರ ಬಾಟಲಿ ಹಾಕ್ಕೋಬಾರದು, ಹಾಗೆ ಮಾಡಿದ್ರೆ ಪರೀಕ್ಷೆಯಿಂದ ಹೊರಗೆ, ಆಮೇಲೆ ಸೂಜಿಯೇ, ಕಣ್ಣು ಕೆಂಪಾದ್ರೆ ಅದೇ ದಿವಸ ಫೋನ್, ಕಾರ್ಡ್ ಮೇಲೆ ನಂಬರ್ ಇದೆ. ಇಬ್ಬರೂ ತಲೆಯಾಡಿಸಿ ಹೆಬ್ಬೆಟ್ಟು ಒತ್ತಿ ಬಂದರು.

ಯೇವಲಾ ಬಂತು, ಬಸ್ಸು ನಿಂತಿತು, ಚಹಾದವನು ಕೂಗಿದ, ಜಗದೇವಿ ಚಹಾ ಬೇಡವೆಂದಳು, ಯಕ್ಕಾ ಒಂದು ಸೂಜಿ ಚುಚ್ಚಿ ಚುಚ್ಚಿ ತೆಗದಂಗ ಆಗ್ಲತದ, ಬೆಳಕು ಕಂಡ್ರ ಬ್ಯಾನಿ, ಎಂದಳು. ಸೂಜಿ. ಸೂಜಿಗೆ ಹೆದರಿ ಇಷ್ಟೆಲ್ಲ ಮಾಡಿದ್ದು, ಇಲ್ಲ, ಸೂಜಿಯಿಂದಲೇ ಎಲ್ಲ ಶುರುವಾದದ್ದು, ಕೌದಿ ಹೊಲಿಯುವ ಸೂಜಿಯಿಂದ, ಮೊದಲ ಬಾಟಲಿ ಮುಗಿಯುವ ಹೊತ್ತಿಗೆ ಗ್ಯಾಂಗು ನಾಸಿಕಕ್ಕೆ ಬಂದಾಗಿತ್ತು, ಓಝರಿನ ಹತ್ತಿರ ಎಂಟು ಮಹಡಿ ಕಟ್ಟುವ ಸೈಟು, ಒಂದು ಭಾನುವಾರ ತಗಡಿನ ಶೆಡ್ಡಿನ ಮುಂದೆ ಹಳೇ ಸೀರೆ ಹರಡಿಕೊಂಡು ಕೂತ ಜಗದೇವಿ ಎಡಗಣ್ಣು ಮುಚ್ಚಿ, ಬಲಗಣ್ಣೊಂದರಿಂದಲೇ ಸೂಜಿಗೆ ದಾರ ಪೋಣಿಸಿಬಿಟ್ಟಳು, ಒಂದೇ ಏಟಿಗೆ, ಯಕ್ಕಾ ನೋಡಿದೇನ, ನೋಡಿದೇನ, ಎಂದು ಸಣ್ಣ ಹುಡುಗಿಯ ಹಾಗೆ ಕುಣಿದಳು. ನೋಡಿದೆ ಬಿಡು, ಎಂದಿದ್ದಳು ರೇಣವ್ವ. ಅವಳು ನೀರಿಗೆ ಹೋದಾಗ ತಾನೂ ಎಡಗಣ್ಣು ಮುಚ್ಚಿ ಆ ಸೂಜಿ ಎತ್ತಿಕೊಂಡಳು, ದಾರ ಒದ್ದೆ ಮಾಡಿಕೊಂಡಳು, ಹತ್ತು ಸಲ, ಇಪ್ಪತ್ತು ಸಲ, ಸೂಜಿಯ ಕಣ್ಣಿರಲಿ ಸೂಜಿಯೇ ಕಾಣಲಿಲ್ಲ, ಹೊಟ್ಟೆಯೊಳಗೆ ಯಾರೋ ಕೆಂಡ ಇಟ್ಟಂತಾಯಿತು, ಹೊಟ್ಟೆಕಿಚ್ಚು ಅಂದರೆ ಸುಮ್ಮನೆ ಮಾತಲ್ಲ, ನಿಜವಾಗಿ ಉರಿಯುತ್ತದೆ. ಖರೇ ಔಷಧ ಅವಳ ಬಾಟಲಿಯಲ್ಲಿತ್ತು. ಇದು ತನಗೆ ಆ ಕ್ಷಣದಲ್ಲೇ ಗೊತ್ತಾಗಿತ್ತು, ಯಾವ ಕಂಪ್ಯೂಟರೂ ಬೇಕಾಗಿರಲಿಲ್ಲ.

ಗೊತ್ತಿತ್ತೇ — ಪೂರ್ತಿ ಗೊತ್ತಿತ್ತೇ, ಡಾಕ್ಟರಿಗೇ ಗೊತ್ತಿಲ್ಲದ್ದು ಹೆಬ್ಬೆಟ್ಟಿನವಳಿಗೆ ಹೇಗೆ ಗೊತ್ತು, ಅವಳದು ವಯಸ್ಸು ಕಡಿಮೆ, ಅನ್ನ ಬಿಟ್ಟು ಬರೀ ರೊಟ್ಟಿ ಉಣ್ಣುತ್ತಿದ್ದಳು, ಅದರಿಂದಲೂ ಕಣ್ಣು ತಿಳಿಯಾಗಿದ್ದೀತು, ವೈಜಾಪುರದ ತನಕ ರೇಣವ್ವ ಹೀಗೇ ತನ್ನ ಕಡೆ ತಾನೇ ವಕೀಲಿಕೆ ಮಾಡಿಕೊಂಡಳು, ಕಳ್ಳನ ಮನಸ್ಸು ಹುಳ್ಳಹುಳ್ಳಗೆ ಅಂತಾರಲ್ಲ, ವಾದ ನಿಲ್ಲಲಿಲ್ಲ, ಗೊತ್ತಿತ್ತು, ಗೊತ್ತಿತ್ತು. ಎರಡನೇ ಬಾಟಲಿ ತಂದು ವಾರವಾಗಿತ್ತು, ಗಂಡಸರು ಸ್ಲ್ಯಾಬಿನ ಮೇಲೆ, ಮಧ್ಯಾಹ್ನದ ಊಟದ ಹೊತ್ತು, ತಾನೇ ಮಾತು ತೆಗೆದಳು, ಜಗದೇವಿ, ಅರ್ಧ ಮಂದಿಗಿ ಖರೇ ಔಷಧ ಅಂದ್ರ ನಮ್ಮಿಬ್ಬರಾಗ ಒಬ್ಬಾಕಿಗಿ ಖರೇದು, ಒಬ್ಬಾಕಿಗಿ ಹಳೇದು, ಅಲ್ಲೇನು, ನಿಂದರಾಗ ಹಳೇದು ಇತ್ತಂದ್ರ ಏನ್ ಮಾಡ್ತಿ, ನಾಳಿ ನಿನ್ನ ಕಣ್ಣು ಹೋದ್ರ ನಿಮ್ಮವ್ವಗ ನಾ ಏನ್ ಜವಾಬು ಕೊಡ್ಲಿ. ಜಗದೇವಿ ಹೆದರಿದಳು, ನನಗ ಕಾಣಸ್ಲತದಲ್ಲ ಯಕ್ಕಾ, ಎಂದಳು. ಈಗ ಕಾಣಸ್ತದ, ಮುಂದ? ಡಾಕ್ಟರ್ ಬಾಯಿ ತೆಗೀಬ್ಯಾಡ್ರಿ ಅಂದಾಳ, ಎಂದಳು ಜಗದೇವಿ. ಆಕಿಗೇನು, ಆಕಿ ಕಣ್ಣು ಛಲೋ ಅವ, ಎಂದಳು ರೇಣವ್ವ. ಮನೆಯಲ್ಲಿ ಏನು ಬಂದರೂ ಒಂದು ಕಡೆ ಸುರಿದು ಎರಡು ಪಾಲು ಮಾಡುವುದೇ ಅವರ ರೂಢಿ, ಊರಿಂದ ಬಂದ ಶೇಂಗಾ ಹಿಂಡಿ, ಹಬ್ಬದ ಬಟ್ಟೆ, ಕೊನೆಗೆ ಬೈಗುಳವೂ, ಅತ್ತೆ ಇದ್ದಾಗಿನಿಂದ, ಹಿರಿಯಳು ಪಾಲು ಮಾಡುವುದು, ಕಿರಿಯಳು ಮೊದಲು ಎತ್ತಿಕೊಳ್ಳುವುದು, ಆ ರೂಢಿಯನ್ನೇ ಅಂದು ಗಾಳಕ್ಕೆ ಸಿಕ್ಕಿಸಿದಳು.

ಸ್ಟೀಲಿನ ಬಟ್ಟಲು, ಟ್ಯಾಂಕಿನ ನೀರಿನಲ್ಲಿ ತೊಳೆದದ್ದು, ಸೆರಗಿನಿಂದ ಒರೆಸಿದ್ದು, ಬಾಟಲಿಯ ಮೂತಿಯನ್ನು ಹಲ್ಲಿನಿಂದ ಕಚ್ಚಿ ಕಿತ್ತದ್ದು, ಎರಡೂ ಬಿಳಿ, ಒಂದರೊಳಗೊಂದು ಬಿದ್ದಾಗ ಗೆರೆಯೂ ಮೂಡಲಿಲ್ಲ, ಆ ಬಾರೀಕ್ ಕಣಗಳು ಆ ಕಡೆಯವೋ ಈ ಕಡೆಯವೋ, ಯಾರ ಪಾಲಿಗೆ ಎಷ್ಟು ಬಂದವೋ, ಪಾಲು ಸರಿಯಾಗಬೇಕಲ್ಲ, ಅದಕ್ಕೆ ತನ್ನ ಇನ್ಸುಲಿನ್ನಿನ ಹಳೇ ಸಿರಿಂಜು ತಂದಳು, ಗೆರೆ ನೋಡಿ ಎಳೆದು ಎಳೆದು ಬಾಟಲಿಗಳಿಗೆ ಮರಳಿ ತುಂಬಿದಳು, ಇದು ನಿಂದು, ಇದು ನಂದು, ಗುಂಜಿಯಷ್ಟೂ ಹೆಚ್ಚುಕಡಿಮೆ ಇಲ್ಲ, ಅಂಥ ನ್ಯಾಯ! ಕೊನೆಗೆ ಬಟ್ಟಲಿಗೆ ಅಂಟಿದ್ದ ಹನಿಯನ್ನು ಕೂಡ ಜಗದೇವಿ ಬೆರಳಿನಿಂದ ಬಳಿದು, ನಿನಗಿರಲಿ ಯಕ್ಕಾ, ಎಂದು ರೇಣವ್ವನ ರೆಪ್ಪೆಗೆ ಸವರಿದ್ದಳು. ಅಯ್ಯೋ ಶಿವನೇ, ಆ ಬೆರಳು. ಎರಡು ವಾರಕ್ಕೆ ತನ್ನ ಮಬ್ಬು ಸರಿಯಿತು, ಗಂಡ ಚನಬಸಪ್ಪನ ಮೂಗು ಮರಳಿ ಬಂತು, ಅದರ ಮೇಲಿನ ನರುಲಿ ಕೂಡ ಬಂತು, ಜಗದೇವಿ ತನಗಿಂತ ಹೆಚ್ಚು ನಕ್ಕಳು, ನಾ ಹೇಳ್ಲಿಲ್ಲೇನು, ಪಾಲು ಮಾಡಿದ್ದು ಛಲೋ ಆತು, ಎಂದಳು, ಹೇಳಿದ್ದು ಅವಳಲ್ಲ, ಆದರೂ ಹಾಗೆಂದಳು. ಮೂರನೇ ವಾರ ಅವಳ ಕಣ್ಣು ಕೆಂಪಾಯಿತು, ಶನಿವಾರ, ಕಾರ್ಡಿನ ಮೇಲೆ ನಂಬರಿತ್ತು, ಅಂಕಿ, ಅಂಕಿ ತನಗೆ ಓದಲು ಬರುತ್ತದೆ, ಆ ದಿನವಂತೂ ಬಹಳ ಚೆನ್ನಾಗಿ ಕಾಣುತ್ತಿತ್ತು, ಹ್ಯಾಂಗೂ ಮಂಗಳವಾರ ಹೋಗೂದೇ ಅದಲ್ಲ, ಸುಮ್ ಇರು, ಎಂದುಬಿಟ್ಟಳು ರೇಣವ್ವ, ಹಾಗೇ ಮೂರು ದಿನ ಕಳೆದವು.

ದೌಲತಾಬಾದಿನ ಕೋಟೆಗುಡ್ಡ ಎಡಕ್ಕೆ ಕಾಣಿಸಿಕೊಂಡಿತು, ಬಿಸಿಲಿಗೆ ಬೂದಿ ಬಳಿದುಕೊಂಡು ಕೂತಿತ್ತು, ಇನ್ನು ಅರ್ಧ ತಾಸು, ಅರ್ಧ ತಾಸಿನಲ್ಲಿ ಏನು ಹೇಳುವುದೆಂದು ಗೊತ್ತಾಗಬೇಕು, ಹೇಳಿದರೆ ಇಬ್ಬರೂ ಹೊರಗೆ, ತನ್ನ ಕಣ್ಣಿಗೂ ಸೂಜಿ, ಮಬ್ಬು ಮರಳಿ ಬಂದರೆ ಎಂಟನೇ ಮಹಡಿಯ ಬಿದಿರಿನ ಅಟ್ಟಣಿಗೆ, ಪರಾಂಚಿಯ ಮೇಲೆ ಕಾಲಿಡುವುದು ಹೇಗೆ, ಹೇಳದಿದ್ದರೆ ಡಾಕ್ಟರು ಉಸುಕಿನದೇ ಅಂದುಕೊಂಡು ಉಸುಕಿನ ಔಷಧ ಕೊಡುತ್ತಾರೆ, ಅದು ನಾಟದೆ ಚುಕ್ಕೆ ಬೆಳೆಯುತ್ತದೆ, ಇಲ್ಲವೇ ಆ ಹೊಸ ಔಷಧವೇ ಕೆಟ್ಟದ್ದೆಂದು ಬರೆದುಕೊಳ್ಳುತ್ತಾರೆ, ಪಾಪ, ಆ ಕಣಗಳ ತಪ್ಪೇನು, ತಾವು ಹೊತ್ತದ್ದನ್ನು ಹೊತ್ತುಕೊಂಡು ಒಳಗೆ ಹೋದವು. ಉಸುಕಿದ್ದರೂ ಇರಬಹುದಲ್ಲ. ಇರಬಹುದು. ಚುಕ್ಕೆಯೇ ಇಲ್ಲದೆಯೂ ಇರಬಹುದು, ತನ್ನ ನೋಟದ್ದೇ ಇರಬಹುದು, ರೇಣವ್ವ ಕಿಟಕಿಯಾಚೆಯ ಗುಡ್ಡ ನೋಡಿ ಎಡಗಣ್ಣು ಮುಚ್ಚಿದಳು, ಗುಡ್ಡದ ಮೇಲೆ ಬಿಳಿ ಚುಕ್ಕೆ ಇರಲೆಂದು ಹುಡುಕಿದಳು, ಇರಲಿ ದೇವರೇ, ನನ್ನ ಕಣ್ಣಿನಲ್ಲೇ ಇರಲಿ ಅದು — ಗುಡ್ಡ ಸ್ವಚ್ಛವಾಗಿತ್ತು, ಕೋಟೆಯ ಗೋಡೆಯ ಹಲ್ಲುಗಳನ್ನೂ ಎಣಿಸಬಹುದಿತ್ತು. ಯಾಕ ಯಕ್ಕಾ, ಅಳ್ಲತೀ ಏನು, ಎಂದಳು ಜಗದೇವಿ, ಒಂಟಿ ಕಣ್ಣಿನಿಂದ ನೋಡಿ. ಗಾಳಿ, ಎಂದಳು. ಜಗದೇವಿ ಸೆರಗು ಒತ್ತಿಕೊಂಡಿದ್ದ ಕೈ ಬದಲಿಸಿ, ಬಿಡುವಾದ ಕೈಯಿಂದ ರೇಣವ್ವನ ಕಡೆಯ ಕಿಟಕಿ ಗಾಜು ಎಳೆದು ಮುಚ್ಚಿದಳು.

ಆಸ್ಪತ್ರೆ, ಸರದಿ, ಫಿನಾಯಿಲಿನ ವಾಸನೆ, ನರ್ಸು ಸೆರಗು ತೆಗೆಸಿ ನೋಡಿದ್ದೇ ಸರದಿ ಬಿಡಿಸಿ ಒಳಗೆ ಕರೆದುಕೊಂಡು ಹೋದಳು, ಅಷ್ಟು ಅವಸರ ಯಾಕೆ, ಅವಸರವೆಂದರೆ ಒಳ್ಳೆಯದಲ್ಲ. ಡಾಕ್ಟರ್ ಬಾಯಿ ಇಂದು ನಗಲಿಲ್ಲ. ಜಗದೇವಿಯ ಗದ್ದ ಯಂತ್ರದ ಮೇಲೆ, ಹಣೆ ಪಟ್ಟಿಗೆ, ನೀಲಿ ಬೆಳಕು, ಕಿಂಚಿತ್ ವರ್ ಬಘಾ, ಮೇಲೆ ನೋಡಿ, ಅಲುಗಾಡಬೇಡಿ, ಎನ್ನುತ್ತಾ ಬಹಳ ಹೊತ್ತು ನೋಡಿದಳು, ಯಾವಾಗಿಂದ, ಎಂದಳು. ಶನಿವಾರಲಿಂದರೀ, ಎಂದಳು ಜಗದೇವಿ. ಫೋನ್ ಯಾಕೆ ಮಾಡಲಿಲ್ಲ? ಡಾಕ್ಟರ್ ಬಾಯಿ ಬಾಟಲಿ ಕೇಳಿದಳು, ದೀಪಕ್ಕೆ ಹಿಡಿದಳು, ಮೂತಿಯ ಸುತ್ತ ಹಲ್ಲಿನ ಗುರುತು, ಇದನ್ನ ಓಪನ್ ಮಾಡಿದೀರಾ, ಖರಂ ಸಾಂಗಾ, ನಿಜ ಹೇಳಿ, ಒಳಗೆ ಏನು ಬೆರೆತಿದೆ ಗೊತ್ತಾಗಬೇಕು, ಅದರ ಮೇಲೆ ನಾನು ಔಷಧ ಕೊಡಬೇಕು. ಈಗ, ರೇಣವ್ವ ಈಗ ಹೇಳಬೇಕು — ಅಷ್ಟರಲ್ಲಿ ಜಗದೇವಿ, ಗದ್ದ ಯಂತ್ರದ ಮೇಲೆ ಇಟ್ಟುಕೊಂಡೇ, ನಾನೇ ತೆಗದೀನ್ರೀ ಡಾಕ್ಟರ್ ಬಾಯಿ, ನಂದೇ ತಪ್ಪು, ಅಕ್ಕಂದು ಬಾಟ್ಲಿ ಹಂಗೇ ಅದ, ಆಕಿಗಿ ಇದೇನೂ ಗೊತ್ತಿಲ್ರಿ, ಎಂದಳು.

ಬಾಗಿಲು ತೆರೆದುಕೊಂಡಿತು, ಸುಮ್ಮನೆ ಆಚೆ ನಡೆದರಾಯಿತು, ಗೋಣು ಹಾಕಿದರೂ ಸಾಕು, ತನ್ನ ಬಾಟಲಿ ತನಗೆ, ತನ್ನ ಕಣ್ಣು ತನಗೆ, ಇವಳು ಯಾಕೆ ಹೀಗೆ, ಯಾವಾಗ ಹೀಗೆಂದುಕೊಂಡಳು, ಬಸ್ಸಿನಲ್ಲೇ, ಕಣ್ಣು ಒತ್ತಿಕೊಂಡು ಇದನ್ನೇ ಹೆಣೆಯುತ್ತಿದ್ದಳೇ, ಹಿರಿಯಳಿಗೆ ಕಾಣಲಿ ಅಂತ — ಇಲ್ಲರೀ, ಎಂದಿತು ಯಾರದೋ ದನಿ, ರೇಣವ್ವನದೇ, ಆಕಿ ಸುಳ್ಳು ಹೇಳ್ಲತಾಳ, ಎರಡೂ ಒಂದು ಬಟ್ಟಲಕ್ಕ ಸುರುವಿ ಪಾಲು ಮಾಡೀವ್ರಿ, ನನ್ನ ಹಳೇ ಸಿರಿಂಜಿಲಿಂದ, ಮಾಡಿದಾಕಿ ನಾನು. ಆಮೇಲೆ ಎಲ್ಲ ಬೇಗ ಬೇಗ, ರಬ್ಬರಿನ ಕೈಗವಸು ತೊಟ್ಟ ಕೈ ಎರಡೂ ಬಾಟಲಿಗಳನ್ನು ಒಂದು ಪಾಕೀಟಿಗೆ ಹಾಕಿತು, ಡಾಕ್ಟರ್ ಬಾಯಿ ಹೇಳುತ್ತಾ ಹೋದಳು, ಇದು ಹುಣ್ಣು, ಕೆರೆದು ಲ್ಯಾಬಿಗೆ ಕಳಿಸಬೇಕು, ಇವತ್ತೇ ದಾಖಲಾಗಬೇಕು, ಗಂಟೆಗೊಂದು ಸಲ ಔಷಧ, ಕಣ್ಣು ಉಳಿಯತ್ತಾ ಅಂತ ಈಗ ಕೇಳಬೇಡಿ, ನಾನು ಹೇಳಲಾರೆ, ಪರೀಕ್ಷೆಯಿಂದ ಇಬ್ಬರೂ ಹೊರಗೆ, ರೇಣವ್ವಾ ನಿಮ್ಮ ಕಣ್ಣೂ ನೋಡಬೇಕು, ಕೂತಿರಿ. ಬೈಗುಳ ಬರಲಿಲ್ಲ, ಬಂದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಡಾಕ್ಟರ್ ಬಾಯಿ ಒಂದು ಗಳಿಗೆ ಕೈ ನಿಲ್ಲಿಸಿ, ಪಣ್ ಕಾ, ಯಾಕೆ ಹೀಗೆ ಮಾಡಿದಿರಿ, ಅಷ್ಟು ಹೇಳಿದ್ದೆನಲ್ಲ, ಎಂದು ರೇಣವ್ವನನ್ನು ಕೇಳಿದಳು, ಉತ್ತರ ಕೊಟ್ಟದ್ದು ಜಗದೇವಿ, ನನ್ನ ಚಿಂತಿ ಹಚ್ಚಿಕೊಂಡು ಮಾಡ್ಯಾಳ್ರಿ ಅಕ್ಕ, ನನ್ನ ಬಾಟ್ಲ್ಯಾಗ ಖರೇ ಔಷಧ ಇಲ್ಲಂದ್ರ ನನ್ನ ಕಣ್ಣು ಹೋಗ್ತಾವ ಅಂತ, ತನ್ನ ಬಾಟ್ಲ್ಯಾಗಿಂದು ನನಗ ಕೊಟ್ಟಾಳ್ರಿ, ಆಕಿಗಿ ಏನೂ ಅನಬ್ಯಾಡ್ರಿ.

ಅಲ್ಲ, ನಿನಗಲ್ಲ, ನನಗೆ, ನಿನ್ನದು ಖರೇದೆಂದು ಗೊತ್ತಿದ್ದೇ ನಾನು, ಆ ಸೂಜಿ ದಾರ ನೋಡಿದ ದಿನದಿಂದ — ಒಂದು ನಿಜವನ್ನು ಹೊರಗೆ ಹಾಕಿದ ಬಾಯಿ ಈ ಎರಡನೆಯದನ್ನು ಹಾಕಲಾರದೆ ಹೋಯಿತು, ನಾಳೆ ಹೇಳುತ್ತೇನೆ, ಕಣ್ಣು ಉಳಿದ ಮೇಲೆ, ಉಳಿಯದಿದ್ದರೆ, ಉಳಿಯದಿದ್ದರೆ ಯಾವ ಬಾಯಿಂದ, ಡಾಕ್ಟರ್ ಬಾಯಿ ಏನೋ ಒತ್ತಿದಳು, ಗೋಡೆಯ ಮೇಲಿನ ಟಿವಿಯಲ್ಲಿ ಜಗದೇವಿಯ ಬಲಗಣ್ಣು ಹೊತ್ತಿಕೊಂಡಿತು, ಹಿಟ್ಟು ನಾದುವ ಪರಾತದಷ್ಟು ದೊಡ್ಡದು, ಕೆಂಪು ನರಗಳು, ಕರಿಗುಡ್ಡೆ, ಅದರ ಮೇಲೆ ಬಿಳಿ ಚುಕ್ಕೆ, ಇಲ್ಲ, ಚುಕ್ಕೆಯಲ್ಲ, ರೇಣವ್ವ ಎಡಗಣ್ಣು ಮುಚ್ಚಿದಳು, ಬಲಗಣ್ಣಿನಲ್ಲೇ ನೋಡಿದಳು, ಹೂವು, ಬಿಳಿ ಹೂವು, ಎಸಳಿನ ಅಂಚು, ಅಂಚಿನ ಸುತ್ತ ಬೂದು ಧೂಳು, ನಡುವಿನ ಹಳದಿ, ಎಲ್ಲಿಯೂ ಮಬ್ಬಿಲ್ಲ, ಒಂದೊಂದೂ ಕಾಣುತ್ತಿತ್ತು, ಚೆನ್ನಾಗಿ ಕಾಣುತ್ತಿತ್ತು, ಬಿಳಿ ಹೂವು